‘ಲೋಹ ತಿನ್ನುವ ಬ್ಯಾಕ್ಟೀರಿಯಾ’ ಬಾಟಲಿ: ಹೊಲಕ್ಕೆ ಹಾಕಬಹುದಾ?

ಪ್ರಶ್ನೆ: ನಮ್ಮದು ಕೆಜಿಎಫ್ ಹತ್ತಿರ ಎರಡೂವರೆ ಎಕರೆ. ಹೊಲದಲ್ಲಿ ನಿಂತರೆ ಸೈನೈಡ್ ದಿಬ್ಬ ಕಾಣುತ್ತದೆ. ಬೇಸಿಗೆಯಲ್ಲಿ ಗಾಳಿ ಎದ್ದರೆ ಅಲ್ಲಿನ ಧೂಳು ಬಂದು ಎಲೆಗಳ ಮೇಲೆ ಕೂರುತ್ತದೆ. ರಾಗಿ, ಟೊಮೆಟೊ, ಸ್ವಲ್ಪ ಸೊಪ್ಪು ಬೆಳೆಯುತ್ತೇವೆ. ಹೋದ ತಿಂಗಳು ಒಬ್ಬರು ಬಂದು ಒಂದು ಬ್ಯಾಕ್ಟೀರಿಯಾ ದ್ರಾವಣ ತೋರಿಸಿದರು. ಎಕರೆಗೆ 4 ಲೀಟರ್ ಹಾಕಿದರೆ ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಎಲ್ಲವನ್ನೂ ಅದು ತಿಂದುಹಾಕುತ್ತದೆ ಅಂದರು. ಎಂಎಸ್ಸಿ ಓದುತ್ತಿರುವ ನನ್ನ ಮಗಳು, ‘ತಿನ್ನಲ್ಲ ಅಪ್ಪ, ಬ್ಯಾಕ್ಟೀರಿಯಾ ಬಿಡುವ ರಾಸಾಯನಿಕಗಳಿಂದ ಲೋಹ ಮಣ್ಣಿನಲ್ಲಿ ಕದಲುತ್ತೆ ಅಷ್ಟೆ’ ಅನ್ನುತ್ತಾಳೆ. ಯಾರ ಮಾತು ಸರಿ? ಹಾಕಬಹುದಾ?

ಉತ್ತರ: ನಿಮ್ಮ ಮಗಳು ಹೇಳಿದ್ದೇ ಸರಿ. ಬಾಟಲಿಯವರ ಮಾತಿನಲ್ಲಿ ‘ತಿನ್ನುತ್ತದೆ’ ಅನ್ನುವ ಪದ ತಪ್ಪು. ಅವರ ವ್ಯಾಪಾರ ಪೂರ್ತಿ ನಿಂತಿರುವುದು ಆ ಪದದ ಮೇಲೆಯೇ.

ಬ್ಯಾಕ್ಟೀರಿಯಾ ಸಕ್ಕರೆ ತಿನ್ನುತ್ತವೆ, ಸೆಗಣಿ ತಿನ್ನುತ್ತವೆ, ನೆಲಕ್ಕೆ ಡೀಸೆಲ್ ಚೆಲ್ಲಿದರೆ ಅದನ್ನೂ ನಿಧಾನಕ್ಕೆ ತಿಂದು ಮುಗಿಸುತ್ತವೆ. ಇವೆಲ್ಲ ಒಡೆಯಬಲ್ಲ ವಸ್ತುಗಳು. ಸೀಸ ಹಾಗಲ್ಲ, ಅದು ಮೂಲವಸ್ತು. ಅದನ್ನು ಒಡೆದು ಬೇರೊಂದಾಗಿ ಮಾಡುವ ಜೀವಿ ಭೂಮಿಯ ಮೇಲಿಲ್ಲ. ಈ ವರ್ಷ ಹೊಲದಲ್ಲಿ ಒಂದು ಕಿಲೋ ಸೀಸ ಇದ್ದು, ಬರುವ ವರ್ಷ ಮುಕ್ಕಾಲು ಕಿಲೋ ಸಿಕ್ಕಿದರೆ, ಉಳಿದ ಕಾಲು ಕಿಲೋ ಎಲ್ಲಿಗೋ ಹೋಗಿದೆ ಅಂತ ಲೆಕ್ಕ. ಗಿಡದೊಳಕ್ಕೆ ಹೋಗಿರಬಹುದು, ಕೆಳಗಿಳಿದು ಬೋರ್‌ವೆಲ್ ಕಡೆಗೆ ಹೋಗಿರಬಹುದು, ಮಳೆ ನೀರಿನ ಜೊತೆ ಕೆರೆ ಸೇರಿರಬಹುದು.

ತಮಾಷೆ ಅಂದರೆ, ದಿಬ್ಬಕ್ಕೆ ಹೆಸರು ಕೊಟ್ಟಿರುವ ಸೈನೈಡನ್ನು ಬ್ಯಾಕ್ಟೀರಿಯಾ ನಿಜವಾಗಿಯೂ ತಿನ್ನುತ್ತವೆ. ಸೈನೈಡ್ ಅಂದರೆ ಇಂಗಾಲ ಮತ್ತು ಸಾರಜನಕದ ಜೋಡಿ, ಎರಡೂ ಅವಕ್ಕೆ ಆಹಾರವೇ. ಅಮೆರಿಕದ ದಕ್ಷಿಣ ಡಕೋಟಾದಲ್ಲಿದ್ದ ಹೋಮ್‌ಸ್ಟೇಕ್ ಚಿನ್ನದ ಗಣಿಯವರು 1984ರಿಂದ ತಮ್ಮ ಸೈನೈಡ್ ನೀರನ್ನು ಹೀಗೇ ಶುದ್ಧ ಮಾಡುತ್ತಿದ್ದರು. ದೊಡ್ಡ ದೊಡ್ಡ ತಿರುಗುವ ತಟ್ಟೆಗಳ ಮೇಲೆ ಬ್ಯಾಕ್ಟೀರಿಯಾದ ಲೋಳೆ ಬೆಳೆಸಿ, ಅದರ ಮೇಲೆ ನೀರು ಹಾಯಿಸುತ್ತಿದ್ದರು. ಸೈನೈಡ್ ಮಾಯವಾಗುತ್ತಿತ್ತು. ನೀರಿನಲ್ಲಿದ್ದ ಲೋಹಗಳು ಮಾತ್ರ ಲೋಳೆಗೆ ಅಂಟಿಕೊಂಡು ಕೆಸರಾಗಿ ಉಳಿಯುತ್ತಿದ್ದವು. ಆ ಕೆಸರನ್ನು ಬೇರೆಯಾಗಿ ತೆಗೆಯಲೇಬೇಕಿತ್ತು. ತಿನ್ನುವುದಕ್ಕೂ ಹಿಡಿದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಆ ಒಂದು ತೊಟ್ಟಿಯಲ್ಲೇ ಕಾಣುತ್ತದೆ.

ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ ಗಣಿ ಕೆಲಸ ಶುರು ಮಾಡಿದ್ದು 1880ರಲ್ಲಿ, ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಬಂಗಾರ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯೇ ನಿಮ್ಮ ದಿಬ್ಬ. ಮೂರು ಕೋಟಿ ಟನ್‌ಗೂ ಜಾಸ್ತಿ ಅಂತ ಅದರ ಲೆಕ್ಕ ಹೇಳುತ್ತಾರೆ. ಅಲ್ಲಿನ ಅದಿರಿನಲ್ಲಿ ಬಂಗಾರದ ಜೊತೆ ಗಂಧಕ ಸೇರಿದ ಖನಿಜಗಳೂ ಇದ್ದವು. ಕಬ್ಬಿಣದ್ದು ಇತ್ತು, ಆರ್ಸೆನಿಕ್‌ನದ್ದು ಇತ್ತು, ಸ್ವಲ್ಪ ಸೀಸ ಮತ್ತು ತಾಮ್ರದ್ದೂ ಇತ್ತು. ಇಷ್ಟು ವರ್ಷ ಬಿಸಿಲು ಮಳೆ ಕಂಡ ಮೇಲೆ, ದಿಬ್ಬದ ವಿಷಯದಲ್ಲಿ ನನಗೆ ಸೈನೈಡ್‌ಗಿಂತ ಈ ಲೋಹಗಳದ್ದೇ ಯೋಚನೆ. ಅವು ನಿಮ್ಮ ಹೊಲದಲ್ಲಿ ಎಷ್ಟಿವೆ ಅನ್ನುವುದು ಪರೀಕ್ಷೆ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ನಿಮ್ಮ ಮಗಳು ಹೇಳಿದ ‘ಕದಲುವುದು’. ಮಣ್ಣಿನಲ್ಲಿ ಲೋಹ ಸುಮ್ನೆ ಬಿದ್ದಿರುವುದಿಲ್ಲ. ಸ್ವಲ್ಪ ಭಾಗ ಕಲ್ಲಿನ ಕಣದೊಳಗೆ ಸಿಕ್ಕಿಹಾಕಿಕೊಂಡಿರುತ್ತದೆ, ಅದರ ಗೋಜು ನಮಗಿಲ್ಲ. ಸ್ವಲ್ಪ ಭಾಗ ಕೆಂಪುಮಣ್ಣಿನ ಆ ಕೆಂಪಿಗೆ, ಅಂದರೆ ಕಬ್ಬಿಣದ ತುಕ್ಕಿಗೆ, ಅಂಟಿಕೊಂಡಿರುತ್ತದೆ. ಸ್ವಲ್ಪ ಜೇಡಿಗೆ, ಸ್ವಲ್ಪ ಗೊಬ್ಬರದ ಅಂಶಕ್ಕೆ ಅಂಟಿರುತ್ತದೆ. ತೀರಾ ಸ್ವಲ್ಪ ಮಾತ್ರ ಮಣ್ಣಿನ ತೇವದಲ್ಲಿ ಕರಗಿರುತ್ತದೆ. ಬೇರು ಹೀರುವುದೂ ನೀರಿನ ಜೊತೆ ಕೆಳಗಿಳಿಯುವುದೂ ಹೆಚ್ಚಾಗಿ ಆ ಕರಗಿದ ಭಾಗ. ಬ್ಯಾಕ್ಟೀರಿಯಾ ಬಿಡುವ ವಸ್ತುಗಳು ಈ ಪಾಲುಗಳ ನಡುವೆ ಲೋಹವನ್ನು ಅತ್ತಿಂದಿತ್ತ ಸಾಗಿಸುತ್ತವೆ. ಕೆಲವು ಬಿಡಿಸುತ್ತವೆ, ಕೆಲವು ಹಿಡಿಯುತ್ತವೆ. ಒಂದೇ ವಸ್ತು ಒಂದು ಮಣ್ಣಿನಲ್ಲಿ ಬಿಡಿಸಿ, ಇನ್ನೊಂದು ಮಣ್ಣಿನಲ್ಲಿ ಹಿಡಿಯುವುದೂ ಉಂಟು.

ಇವುಗಳಲ್ಲಿ ಹೆಚ್ಚು ಹೆಸರು ಮಾಡಿರುವುದು ಸಿಡೆರೊಫೋರ್. ಗ್ರೀಕ್‌ನಲ್ಲಿ ಹಾಗೆಂದರೆ ಕಬ್ಬಿಣ ಹೊರುವವನು. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದ್ದರೂ ತುಕ್ಕಿನ ರೂಪದಲ್ಲಿದೆ, ನೀರಿನಲ್ಲಿ ಕರಗುವುದೇ ಇಲ್ಲ. ಹಾಗಾಗಿ ಬ್ಯಾಕ್ಟೀರಿಯಾ ಒಂದು ಸಣ್ಣ ಅಣುವನ್ನು ತಯಾರಿಸಿ ಹೊರಗೆ ಬಿಡುತ್ತದೆ. ಅದು ಹೋಗಿ ಕಬ್ಬಿಣವನ್ನು ಏಡಿ ಕೊಂಡಿಯಲ್ಲಿ ಹಿಡಿದಂತೆ ಕಚ್ಚಿಕೊಂಡು ಬರುತ್ತದೆ. ಥಲಸ್ಸೀಮಿಯಾ ಇರುವ ಮಕ್ಕಳ ಮನೆಯವರಿಗೆ ಇದರ ಪರಿಚಯ ಇದೆ. ಪದೇ ಪದೇ ರಕ್ತ ಕೊಡಿಸಿದಾಗ ಮೈಯಲ್ಲಿ ಕಬ್ಬಿಣ ಜಾಸ್ತಿಯಾಗುತ್ತದೆ, ಅದನ್ನು ತೆಗೆಯಲು ಡೆಸ್ಫೆರಾಲ್ ಅನ್ನುವ ಇಂಜೆಕ್ಷನ್ ಕೊಡುತ್ತಾರೆ. ಮೂತ್ರ ಕೆಂಪು ಕೆಂಪಾಗಿ ಬರುತ್ತದೆ. ಆ ಔಷಧಿ ಮೊದಲು ಸಿಕ್ಕಿದ್ದು ಸ್ಟ್ರೆಪ್ಟೊಮೈಸಿಸ್ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ, ಅದೂ ಸಿಡೆರೊಫೋರೇ. ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಯೂ ಇದೇ ಬಳಗದ ಕೊಡುಗೆ.

ಲ್ಯಾಬ್‌ನಲ್ಲಿ ಸಿಡೆರೊಫೋರ್ ಹುಡುಕುವುದು ನೋಡಲು ಬಹಳ ಚೆಂದ. ಬರ್ಕ್ಲಿಯ ವಿಜ್ಞಾನಿಗಳಾದ ಶ್ವಿನ್ ಮತ್ತು ನೀಲ್ಯಾಂಡ್ಸ್ 1987ರಲ್ಲಿ ಹೇಳಿಕೊಟ್ಟ ವಿಧಾನ ಇದು. ತಟ್ಟೆಯಲ್ಲಿ ನೀಲಿ ಬಣ್ಣದ ಅಗರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ, ಇರುತ್ತದೆ. ಆ ನೀಲಿ ಬಣ್ಣವೇ ಕಬ್ಬಿಣವನ್ನು ಹಿಡಿದುಕೊಂಡಿರುತ್ತದೆ. ಬ್ಯಾಕ್ಟೀರಿಯಾದ ಒಂದು ಚುಕ್ಕೆ ಇಟ್ಟು ಎರಡು ಮೂರು ದಿನ ಬಿಡಬೇಕು. ಸಿಡೆರೊಫೋರ್ ಹೊರಬಂದು ಕಬ್ಬಿಣ ಕಿತ್ತುಕೊಂಡರೆ ಚುಕ್ಕೆಯ ಸುತ್ತ ನೀಲಿ ಹೋಗಿ ಕಿತ್ತಳೆ ಬಣ್ಣದ ಉಂಗುರ ಮೂಡುತ್ತದೆ.

ನಾನು ಓದುತ್ತಿದ್ದಾಗ ಮೂರು ವಾರ ಈ ಉಂಗುರಕ್ಕೆ ಕಾದಿದ್ದೇನೆ. ಬರಲೇ ಇಲ್ಲ. ಬ್ಯಾಕ್ಟೀರಿಯಾ ಚೆನ್ನಾಗಿಯೇ ಬೆಳೆಯುತ್ತಿತ್ತು, ತಟ್ಟೆ ಮಾತ್ರ ನೀಲಿಯಾಗಿಯೇ ಇತ್ತು. ಕೊನೆಗೆ ಮೇಷ್ಟ್ರು ಬಂದು, ಗಾಜಿನ ಸಾಮಾನು ಯಾವ ನೀರಿನಲ್ಲಿ ತೊಳೆದೆ ಅಂತ ಕೇಳಿದರು. ಬೋರ್‌ವೆಲ್ ನೀರಿನಲ್ಲಿ ಅಂದೆ. ಅವರು ನಕ್ಕರು. ನಮ್ಮ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಎಷ್ಟಿತ್ತೆಂದರೆ, ಸಿಂಕ್ ಪೂರ್ತಿ ಕಾಫಿ ಬಣ್ಣಕ್ಕೆ ತಿರುಗಿತ್ತು. ‘ಹೊಟ್ಟೆ ತುಂಬಿದವನು ಯಾಕಯ್ಯಾ ಬುತ್ತಿ ಕಟ್ಟಿಕೊಂಡು ಹೊರಡ್ತಾನೆ?’ ಅಂದರು. ಎಲ್ಲ ಗಾಜನ್ನೂ ಆಸಿಡ್‌ನಲ್ಲಿ ನೆನೆಸಿ, ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಿಸಿದ ಮೇಲೆ ನಾಲ್ಕನೇ ದಿನಕ್ಕೆ ಉಂಗುರ ಬಂತು. ಸಿಡೆರೊಫೋರ್ ತಯಾರಿಸಲು ಬ್ಯಾಕ್ಟೀರಿಯಾಕ್ಕೆ ಖರ್ಚಿದೆ. ಕಬ್ಬಿಣ ಸುಲಭವಾಗಿ ಸಿಗುವ ಕಡೆ ಅದು ಆ ಕೆಲಸಕ್ಕೇ ಹೋಗುವುದಿಲ್ಲ. ಹಾಗಾಗಿ ಯಾರಾದರೂ ಕಿತ್ತಳೆ ಉಂಗುರದ ಫೋಟೊ ತೋರಿಸಿ ‘ನೋಡಿ ಸರ್, ಪ್ರೂಫ್’ ಅಂದರೆ ಅಷ್ಟಕ್ಕೇ ಒಪ್ಪಬೇಡಿ. ತಟ್ಟೆಯಲ್ಲಿ ಮಾಡಿದ್ದನ್ನು ಹೊಲದಲ್ಲೂ ಮಾಡುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಸರಿ, ಮಾಡುತ್ತದೆ ಅಂತಲೇ ಇಟ್ಟುಕೊಳ್ಳೋಣ. ಲೆಕ್ಕ ಹಾಕಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ತೂಗಿದರೆ ಸುಮಾರು 900 ಟನ್. ಒಂದು ಕಿಲೋ ಮಣ್ಣಿನಲ್ಲಿ ಬರೀ 1 ಮಿಲಿಗ್ರಾಂ ಕ್ಯಾಡ್ಮಿಯಂ ಇದೆ ಅಂದುಕೊಂಡರೂ ಎಕರೆಗೆ 900 ಗ್ರಾಂ ಆಯಿತು. ಡೆಸ್ಫೆರಾಲ್ ಥರದ ಒಂದು ಅಣು ಒಂದು ಕ್ಯಾಡ್ಮಿಯಂ ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಆ ಅಣುವಿನ ತೂಕ ಕ್ಯಾಡ್ಮಿಯಂನ ಐದರಷ್ಟು. ಅಂದರೆ ನಾಲ್ಕೂವರೆ ಕಿಲೋ ಸಿಡೆರೊಫೋರ್ ಬೇಕು. ಆಸ್ಪತ್ರೆಯಲ್ಲಿ ಕೊಡುವ 500 ಮಿಲಿಗ್ರಾಂನ ಸೀಸೆಗಳಾದರೆ 9,000 ಸೀಸೆ! ನಿಮ್ಮ ಬಾಟಲಿಯಲ್ಲಿ ಲೀಟರಿಗೆ ಒಂದು ಗ್ರಾಂ ಇದೆ ಅಂತ ಧಾರಾಳವಾಗಿ ಲೆಕ್ಕ ಕೊಟ್ಟರೂ 4 ಲೀಟರಿಗೆ 4 ಗ್ರಾಂ ಅಷ್ಟೆ. ಅದು ಒಂದು ಗ್ರಾಂ ಕ್ಯಾಡ್ಮಿಯಂ ಹಿಡಿಯಲೂ ಸಾಲದು.

ಇನ್ನೊಂದು ತೊಡಕಿದೆ. ಈ ಅಣುವಿಗೆ ಕಬ್ಬಿಣದ ಮೇಲೆ ಇರುವ ಪ್ರೀತಿ ಕ್ಯಾಡ್ಮಿಯಂ ಮೇಲೆ ಇಲ್ಲ. ಕೆಂಪುಮಣ್ಣಿನಲ್ಲಿ ನೂರಕ್ಕೆ 3ರಷ್ಟು ಕಬ್ಬಿಣ ಇದ್ದರೂ ಎಕರೆಗೆ 27 ಟನ್ ಆಗುತ್ತದೆ. 27 ಟನ್ ಕಬ್ಬಿಣದ ನಡುವೆ 900 ಗ್ರಾಂ ಕ್ಯಾಡ್ಮಿಯಂ ಹುಡುಕಿಕೊಂಡು ಹೋಗು ಅಂದರೆ ಅದು ಎಲ್ಲಿ ಹೋದೀತು? ‘ಬಾಟಲಿಯಲ್ಲಿರುವುದು ಬೀಜ ಮಾತ್ರ, ಬ್ಯಾಕ್ಟೀರಿಯಾ ಹೊಲದಲ್ಲಿ ಬೆಳೆಯುತ್ತದೆ ಸರ್’ ಅಂತ ಅವರು ಹೇಳಬಹುದು. ಬೆಳೆಯಬಹುದು. ಆದರೆ ಒಂದು ಚಿಟಿಕೆ ಮಣ್ಣಿನಲ್ಲೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಆಗಲೇ ಇವೆ. ಹೊರಗಿನಿಂದ ಬಂದವು ಅಲ್ಲಿ ಜಾಗ ಹಿಡಿಯುವುದು ಕಷ್ಟ, ಸಾಮಾನ್ಯವಾಗಿ ಕೆಲವು ವಾರಗಳಲ್ಲೇ ಅವುಗಳ ಸಂಖ್ಯೆ ಇಳಿದುಬಿಡುತ್ತದೆ.

ಹಾಗಾದರೆ ಇದೆಲ್ಲ ಬೊಗಳೆಯಾ? ಅಲ್ಲ. ಬೇರಿನ ಪಕ್ಕದ ಒಂದೆರಡು ಮಿಲಿಮೀಟರ್ ಮಣ್ಣಿನಲ್ಲಿ ಕಥೆ ಬೇರೆ. ಬೇರು ಸಕ್ಕರೆ ಒಸರುತ್ತದೆ, ಬ್ಯಾಕ್ಟೀರಿಯಾ ಅಲ್ಲಿ ಮುತ್ತಿಕೊಂಡಿರುತ್ತವೆ, ಅವು ಬಿಡುವ ವಸ್ತುಗಳು ಅಲ್ಲಿ ಗಟ್ಟಿಯಾಗಿಯೇ ಇರುತ್ತವೆ. ಅಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಜರ್ಮನಿಯಲ್ಲಿ ಸ್ಟ್ರೆಪ್ಟೊಮೈಸಿಸ್ ಮೇಲೆ ನಡೆದ ಎರಡು ಪ್ರಯೋಗಗಳು ನನಗೆ ಇಷ್ಟ. ಮೊದಲನೆಯದು ಅಲಸಂದೆ ಗಿಡದ್ದು, 2008ರಲ್ಲಿ ಬಂತು. ನಿಕಲ್ ಇರುವ ಕಡೆ ಗಿಡ ಸೊರಗುತ್ತಿತ್ತು. ಬ್ಯಾಕ್ಟೀರಿಯಾದ ಸಿಡೆರೊಫೋರ್ ಕೊಟ್ಟಾಗ ಅದು ನಿಕಲ್‌ಅನ್ನು ಹಿಡಿದುಕೊಂಡಿತು, ಗಿಡಕ್ಕೆ ಕಬ್ಬಿಣವನ್ನೂ ಒದಗಿಸಿತು, ಗಿಡ ಚೇತರಿಸಿಕೊಂಡಿತು. ಎರಡನೆಯದು ಸೂರ್ಯಕಾಂತಿಯದು, ಮುಂದಿನ ವರ್ಷ ಬಂತು. ಅಲ್ಲಿದ್ದದ್ದು ಕ್ಯಾಡ್ಮಿಯಂ. ಸಿಡೆರೊಫೋರ್ ಕ್ಯಾಡ್ಮಿಯಂ ಹಿಡಿದದ್ದರಿಂದ ಬ್ಯಾಕ್ಟೀರಿಯಾದೊಳಕ್ಕೆ ಅದು ಕಡಿಮೆ ಹೋಯಿತು. ಸೂರ್ಯಕಾಂತಿ ಗಿಡದೊಳಕ್ಕೆ ಮಾತ್ರ ಜಾಸ್ತಿ ಹೋಯಿತು! ಮಣ್ಣಿನಿಂದ ಲೋಹ ಹೀರಿಸಿ, ಗಿಡ ಕಿತ್ತು ವಿಲೇವಾರಿ ಮಾಡಲು ಹೊರಟವರಿಗೆ ಎರಡನೆಯದು ಒಳ್ಳೆ ಸುದ್ದಿ. ತಿನ್ನಲು ಬೆಳೆಯುವವರಿಗೆ ಅದೇ ಕೆಟ್ಟ ಸುದ್ದಿ. ನೀವು ಬೆಳೆಯುತ್ತಿರುವುದು ಸೊಪ್ಪು, ಅಲ್ವಾ?

ಮಣ್ಣಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಡೆಸ್ಫೆರಾಲ್ ಥರದ ಅಣುವಿನ ಮೇಲೆ ಧನ ವಿದ್ಯುದಂಶ ಇರುತ್ತದೆ. ಬಯಲುಸೀಮೆಯ ಎರೆಮಣ್ಣಿನ ಜೇಡಿ ಪದರ ಪದರವಾಗಿರುತ್ತದೆ, ನೆನೆದರೆ ಉಬ್ಬುತ್ತದೆ. ಇಂಥ ಅಣುಗಳು ಆ ಪದರಗಳ ಸಂದಿಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತವೆ, ಜೊತೆಗೆ ಲೋಹವನ್ನೂ ಎಳೆದುಕೊಂಡು ಹೋಗಬಹುದು. ಕೋಲಾರದ ಕೆಂಪುಮಣ್ಣಿನ ಜೇಡಿ ಬೇರೆ ಥರ, ಅದರಲ್ಲಿ ಅಂಥ ಸಂದಿ ಇಲ್ಲ. ಹಾಗಾಗಿ ಅಲ್ಲಿ ಬಿಡಿಸಿದ ಲೋಹ ನೀರಿನಲ್ಲೇ ಉಳಿಯುವ ಸಾಧ್ಯತೆ ಜಾಸ್ತಿ. ಗುಲ್ಬರ್ಗದ ಹೊಲದಲ್ಲಿ ಚೆನ್ನಾಗಿ ಕೆಲಸ ಮಾಡಿತು ಅಂತ ಯಾರಾದರೂ ಹೇಳಿದರೂ ಅದು ನಿಮಗೆ ಹೊಂದುವುದಿಲ್ಲ.

ಬ್ಯಾಕ್ಟೀರಿಯಾ ಬಿಡುವ ವಸ್ತುಗಳಲ್ಲಿ ಸಿಡೆರೊಫೋರ್ ಒಂದು ಗುಂಪಾಯಿತು. ಎರಡನೇ ಗುಂಪು ಸಾಬೂನಿನಂಥ ವಸ್ತುಗಳು. ಅಂಟುವಾಳಕಾಯಿ ನೊರೆ ನೋಡಿದ್ದೀರಲ್ಲ, ಬ್ಯಾಕ್ಟೀರಿಯಾಗಳೂ ಅಂಥ ನೊರೆ ಬರಿಸುತ್ತವೆ. ಬ್ಯಾಸಿಲಸ್ ಸಬ್ಟಿಲಿಸ್ ಬಿಡುವುದು ಸರ್ಫ್ಯಾಕ್ಟಿನ್, ಸ್ಯೂಡೋಮೊನಾಸ್ ಏರುಜಿನೋಸಾ ಬಿಡುವುದು ರಾಮ್ನೋಲಿಪಿಡ್. ಇವು ಮಣ್ಣಿನ ಕಣದಿಂದ ಸೀಸ, ತಾಮ್ರ, ಸತು, ಕ್ಯಾಡ್ಮಿಯಂಗಳನ್ನು ಎಬ್ಬಿಸಿ ನೀರಿಗೆ ತರುತ್ತವೆ. ಅಮೆರಿಕ, ಕೆನಡಾಗಳಲ್ಲಿ ಇವುಗಳ ಮೇಲೆ 1990ರ ದಶಕದಿಂದ ಗಂಭೀರವಾದ ಕೆಲಸ ನಡೆದಿದೆ. ಆದರೆ ಅಲ್ಲಿ ಯೋಚಿಸುವ ರೀತಿ ಹೀಗೆ: ಮಣ್ಣು ಅಗೆದು ತೊಟ್ಟಿಗೆ ಹಾಕು, ಈ ದ್ರಾವಣದಲ್ಲಿ ತೊಳೆ, ತೊಳೆದ ನೀರು ಹಿಡಿ, ನೀರಿನಿಂದ ಲೋಹ ತೆಗೆ. ಬಟ್ಟೆ ಒಗೆದ ಹಾಗೆ. ನಿಮ್ಮ ಹೊಲದ ಕೆಳಗೆ ಬಕೆಟ್ ಇಲ್ಲ. ಒಗೆದ ನೀರು ಹೋಗುವುದು ಬೋರ್‌ವೆಲ್‌ಗೆ.

ಇದು ಸುಮ್ನೆ ಹೆದರಿಸಲು ಹೇಳಿದ್ದಲ್ಲ. 1990ರ ದಶಕದಲ್ಲಿ ಸೀಸದ ಮಣ್ಣಿಗೆ ಇಡಿಟಿಎ ಅನ್ನುವ ರಾಸಾಯನಿಕ ಹಾಕಿ ಸಾಸಿವೆ ಗಿಡ ಬೆಳೆಸುವ ಪ್ರಯೋಗಗಳು ನಡೆದವು. ಇಡಿಟಿಎ ಸೀಸವನ್ನು ಬಿಡಿಸುತ್ತದೆ, ಸಾಸಿವೆ ಹೀರುತ್ತದೆ ಅನ್ನುವುದು ಆಸೆ. ಸಾಸಿವೆ ಹೀರಿದ್ದೂ ನಿಜ. ಆದರೆ ಗಿಡ ಹೀರಿದ್ದಕ್ಕಿಂತ ಜಾಸ್ತಿ ಸೀಸ ಮಣ್ಣಿನಲ್ಲಿ ಬಿಡುಗಡೆಯಾಗಿ ಕೆಳಗಿಳಿಯಲು ಶುರುವಾಯಿತು. ಇಡಿಟಿಎ ಬೇಗ ಕೊಳೆಯುವುದೂ ಇಲ್ಲ. ಆ ದಾರಿಯ ಮೇಲಿನ ಉತ್ಸಾಹ ಇಳಿದದ್ದು ಹಾಗೆ. ಬ್ಯಾಕ್ಟೀರಿಯಾದ ವಸ್ತುಗಳು ಬೇಗ ಕೊಳೆಯುತ್ತವೆ, ಅದು ಅವುಗಳ ದೊಡ್ಡ ಗುಣ. ಬಿಡಿಸಿದ ಲೋಹ ಎಲ್ಲಿಗೆ ಹೋಯಿತು ಅನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ಮೂರನೆಯದು ಹುಳಿಗಳು. ಇದು ನಿಮಗೆ ಗೊತ್ತಿರುವುದೇ, ಪಿಎಸ್‌ಬಿ ಅಂತ ಪ್ಯಾಕೆಟ್ ತಂದು ತಿಪ್ಪೆಗೊಬ್ಬರಕ್ಕೆ ಬೆರೆಸಿರುತ್ತೀರಿ. ಅದರ ಬ್ಯಾಕ್ಟೀರಿಯಾ ಗ್ಲುಕಾನಿಕ್ ಆಸಿಡ್‌ನಂಥ ಹುಳಿಗಳನ್ನು ಬಿಟ್ಟು ಮಣ್ಣಿನ ರಂಜಕ ಕರಗಿಸುತ್ತದೆ. ಅದೇ ಹುಳಿ ಸತು, ಕ್ಯಾಡ್ಮಿಯಂಗಳನ್ನೂ ಸ್ವಲ್ಪ ಸಡಿಲಿಸಬಲ್ಲದು. ಕರಗಿದ ರಂಜಕ ಸೀಸದ ಜೊತೆ ಸೇರಿದರೆ ಪೈರೋಮಾರ್ಫೈಟ್ ಅನ್ನುವ ಖನಿಜ ಆಗುತ್ತದೆ, ಅದು ಕಲ್ಲಿನಂತೆ ಕೂತುಬಿಡುತ್ತದೆ. ಸೀಸಕ್ಕೆ ಇದಕ್ಕಿಂತ ಒಳ್ಳೆ ಬೀಗ ಇಲ್ಲ. ಆರ್ಸೆನಿಕ್ ವಿಷಯದಲ್ಲಿ ಅದೇ ರಂಜಕ ಎಡವಟ್ಟು ಮಾಡುತ್ತದೆ. ಮಣ್ಣಿನಲ್ಲಿ ಆರ್ಸೆನಿಕ್ ಮತ್ತು ರಂಜಕ ಅಣ್ಣತಮ್ಮಂದಿರಂತೆ. ಎರಡಕ್ಕೂ ಕಬ್ಬಿಣದ ತುಕ್ಕಿನ ಮೇಲೆ ಒಂದೇ ಜಾಗ ಬೇಕು. ರಂಜಕ ಜಾಸ್ತಿಯಾದರೆ ಆರ್ಸೆನಿಕ್‌ಅನ್ನು ಎಬ್ಬಿಸಿ ತಾನು ಕೂರುತ್ತದೆ. ಸಿಡೆರೊಫೋರ್ ಆರ್ಸೆನಿಕ್‌ಅನ್ನು ಮುಟ್ಟದಿದ್ದರೂ, ಅದು ಕೂತಿರುವ ತುಕ್ಕನ್ನೇ ಕರಗಿಸಿದರೆ ಆರ್ಸೆನಿಕ್ ತಾನಾಗಿ ಬೀದಿಗೆ ಬೀಳುತ್ತದೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಮೂರಕ್ಕೂ ಒಂದೇ ಬಾಟಲಿ ಅಂದವರ ಮೇಲೆ ನನಗೆ ಅನುಮಾನ ಬರುವುದು ಇದಕ್ಕೇ. ಒಂದಕ್ಕೆ ಔಷಧಿಯಾದದ್ದು ಇನ್ನೊಂದಕ್ಕೆ ವಿಷ ಆಗಬಹುದು.

ಲೋಳೆಯ ವಿಷಯ ಹೋಮ್‌ಸ್ಟೇಕ್ ಕಥೆಯಲ್ಲಿ ಬಂತು. ಬ್ಯಾಕ್ಟೀರಿಯಾ ತನ್ನ ಸುತ್ತ ಕಟ್ಟಿಕೊಳ್ಳುವ ಲೋಳೆಗೆ ಸೀಸ, ತಾಮ್ರ ಚೆನ್ನಾಗಿ ಅಂಟುತ್ತವೆ. ಲೋಳೆ ಮಣ್ಣಿಗೆ ಅಂಟಿಕೊಂಡಿರುವ ತನಕ ಲೋಹ ಅಲ್ಲೇ ಇರುತ್ತದೆ. ಲೋಳೆಯ ಚೂರು ಕಿತ್ತು ನೀರಿನಲ್ಲಿ ತೇಲಿದರೆ ಲೋಹಕ್ಕೆ ತೆಪ್ಪ ಸಿಕ್ಕಂತೆ.

ಅದೇ ಹೊಲ, ಅದೇ ಬ್ಯಾಕ್ಟೀರಿಯಾ, ನೀರು ಮಾತ್ರ ಬದಲಾದರೆ ಎಲ್ಲ ಹೇಗೆ ತಿರುಗುತ್ತದೆ ಅನ್ನುವುದಕ್ಕೆ ಜಪಾನಿನ ಗದ್ದೆಗಳನ್ನು ನೋಡಬೇಕು. ತೊಯಾಮಾ ಪ್ರಾಂತ್ಯದ ಜಿನ್‌ಜೂ ನದಿಗೆ ಕಾಮಿಯೊಕಾ ಗಣಿಯಿಂದ ಕ್ಯಾಡ್ಮಿಯಂ ಬರುತ್ತಿತ್ತು. ಗದ್ದೆ, ಭತ್ತ, ಅನ್ನ, ಹೀಗೆ ಅದು ಜನರ ಮೂಳೆಯನ್ನು ಮೆತ್ತಗೆ ಮಾಡಿತು. ನೋವಿನಲ್ಲಿ ನರಳುವವರ ಕೂಗಿನಿಂದ ಆ ಕಾಯಿಲೆಗೆ ‘ಇತಾಯಿ ಇತಾಯಿ’ ಅಂತ ಹೆಸರು ಬಂತು. ನಮ್ಮಲ್ಲಿ ‘ಅಯ್ಯೋ ಅಯ್ಯೋ’ ಅಂದ ಹಾಗೆ. 1968ರಲ್ಲಿ ಸರ್ಕಾರ ಕಾರಣವನ್ನು ಒಪ್ಪಿಕೊಂಡಿತು. ಗದ್ದೆಯಲ್ಲಿ ನೀರು ನಿಂತಾಗ ಗಾಳಿ ಸಿಗದೆ, ಗಂಧಕ ಬಳಸುವ ಬ್ಯಾಕ್ಟೀರಿಯಾ ಎದ್ದು ಕೊಳೆತ ಮೊಟ್ಟೆ ವಾಸನೆಯ ಸಲ್ಫೈಡ್ ಬಿಡುತ್ತವೆ. ಅದು ಕ್ಯಾಡ್ಮಿಯಂ ಜೊತೆ ಸೇರಿ ಕರಗದ ಪುಡಿಯಾಗುತ್ತದೆ. ಕೊಯ್ಲಿಗೆ ಮುಂಚೆ ನೀರು ಬಸಿದರೆ ಗಾಳಿ ಹೊಕ್ಕು ಆ ಪುಡಿ ಮತ್ತೆ ಕರಗುತ್ತದೆ, ತೆನೆ ತುಂಬುವ ಹೊತ್ತಿಗೇ ಕ್ಯಾಡ್ಮಿಯಂ ಬೇರಿಗೆ ಸಿಗುತ್ತದೆ. ಹಾಗಾದರೆ ನೀರು ನಿಲ್ಲಿಸಿಯೇ ಇಡೋಣ ಅಂದರೆ ಆರ್ಸೆನಿಕ್ ಏಳುತ್ತದೆ. ಗಾಳಿ ಇಲ್ಲದ ಕಡೆ ಬೇರೆ ಬ್ಯಾಕ್ಟೀರಿಯಾ ಕಬ್ಬಿಣದ ತುಕ್ಕನ್ನೇ ಉಸಿರಾಟಕ್ಕೆ ಬಳಸಿ ಕರಗಿಸುತ್ತವೆ. ಅವುಗಳಲ್ಲಿ ಶೆವನೆಲ್ಲಾ ಅನ್ನುವುದು ದೂರದ ತುಕ್ಕನ್ನು ಮುಟ್ಟಲು ರೈಬೋಫ್ಲೇವಿನ್‌ನಂಥ ವಸ್ತು ಬಿಡುತ್ತದೆ. ಹಾಲು ಒಡೆದಾಗ ಬರುವ ನೀರಿಗೆ ಹಸಿರು ಹಳದಿ ಬಣ್ಣ ಕೊಡುತ್ತದಲ್ಲ, ಅದೇ ಬಿ2 ವಿಟಮಿನ್. ಜಪಾನಿನವರು ಕೊನೆಗೆ ಬ್ಯಾಕ್ಟೀರಿಯಾ ನಂಬಿ ಕೂರಲಿಲ್ಲ. ಹಾಳಾದ ಗದ್ದೆಗಳ ಮೇಲ್ಮಣ್ಣನ್ನು ಹೂತು, ಹೊಸ ಮಣ್ಣು ಹಾಸಿದರು. ಮೂರು ದಶಕ ಹಿಡಿದ ಆ ಕೆಲಸ ಮುಗಿದದ್ದು 2012ರಲ್ಲಿ.

ಒಂದು ವಿಚಿತ್ರ ಹೇಳಿ ಮುಂದೆ ಹೋಗುತ್ತೇನೆ. ಇಲ್ಲಿ ಬಂದ ಮೂರು ಗಣಿಗಳು, ಕೆಜಿಎಫ್, ಹೋಮ್‌ಸ್ಟೇಕ್, ಕಾಮಿಯೊಕಾ, ಮೂರರಲ್ಲೂ ನೆಲದಾಳದಲ್ಲಿ ನ್ಯೂಟ್ರಿನೊ ಅನ್ನುವ, ಕಲ್ಲನ್ನೂ ತೂರಿಕೊಂಡು ಹೋಗುವ ಅತಿ ಸಣ್ಣ ಕಣಗಳ ಪ್ರಯೋಗ ನಡೆದಿದೆ. 1965ರಲ್ಲಿ ಕೆಜಿಎಫ್ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಗಣಿಯ ಒಳಗೆ ವಿಜ್ಞಾನಿಗಳಿಗೆ ಅಷ್ಟು ಸಿಕ್ಕಿದರೆ, ಹೊರಗೆ ಊರಿನವರಿಗೆ ಉಳಿದದ್ದು ದಿಬ್ಬ.

ಕೆಜಿಎಫ್‌ನವರು ಅಂತ ಇದನ್ನೂ ಹೇಳಬೇಕು. ಕ್ರೋಮೊಬ್ಯಾಕ್ಟೀರಿಯಂ ವಯಲೇಸಿಯಂ ಅನ್ನುವ ನೇರಳೆ ಬಣ್ಣದ ಬ್ಯಾಕ್ಟೀರಿಯಾ ತಾನೇ ಸೈನೈಡ್ ತಯಾರಿಸುತ್ತದೆ, ಸಣ್ಣ ಪ್ರಮಾಣದಲ್ಲಿ ಬಂಗಾರ ಕರಗಿಸುತ್ತದೆ. ಡೆಲ್ಫ್ಟಿಯಾ ಅನ್ನುವ ಇನ್ನೊಂದು, ಕರಗಿದ ಬಂಗಾರ ತನಗೆ ವಿಷವಾಗಬಾರದು ಅಂತ ಒಂದು ಅಣುವನ್ನು ಹೊರಗೆ ಬಿಟ್ಟು ಅದನ್ನು ಮತ್ತೆ ಗಟ್ಟಿ ಬಂಗಾರದ ಕಣ ಮಾಡಿಬಿಡುತ್ತದೆ. 2013ರಲ್ಲಿ ಕೆನಡಾದವರು ಇದನ್ನು ತೋರಿಸಿಕೊಟ್ಟರು. ಒಂದು ಕರಗಿಸುತ್ತದೆ, ಇನ್ನೊಂದು ಕೂರಿಸುತ್ತದೆ. ನಮ್ಮಲ್ಲೇ ಹಟ್ಟಿ ಗಣಿಯ ಅದಿರಿನ ಮೇಲೆ ಐಐಎಸ್‌ಸಿಯ ಪ್ರೊ. ಕೆ. ಎ. ನಟರಾಜನ್ ಅವರ ತಂಡ ಗಂಧಕದ ಖನಿಜ ಬಿಡಿಸುವ ಬ್ಯಾಕ್ಟೀರಿಯಾಗಳ ಕೆಲಸ ಮಾಡಿದೆ. ತೊಟ್ಟಿಯೊಳಗೆ, ಹುಳಿ ಎಷ್ಟು, ಬಿಸಿ ಎಷ್ಟು ಅಂತ ಅಳೆದು ಮಾಡಿದರೆ ಇವು ಒಳ್ಳೆ ಕೂಲಿಯಾಳುಗಳೇ.

ಈಗ ನಿಮ್ಮ ಎರಡೂವರೆ ಎಕರೆ. ಬಾಟಲಿ ಹಾಕಬೇಡಿ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಮಣ್ಣು ಆರೋಗ್ಯ ಕಾರ್ಡ್ ಇದೆಯಲ್ಲ ಅಂತೀರಿ. ಅದರಲ್ಲಿ 12 ಅಂಶ ನೋಡುತ್ತಾರೆ. ಸತು, ತಾಮ್ರ, ಕಬ್ಬಿಣ ಇವೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಇಲ್ಲ. ಇವನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಯಾವ ಲ್ಯಾಬ್‌ಗೆ ಕಳಿಸಬೇಕು ಅಂತ ದಾರಿ ತಿಳಿಯಬಹುದು. ಕೇಳುವಾಗ ಎರಡು ಸಂಖ್ಯೆ ಕೇಳಿ: ಮಣ್ಣಿನಲ್ಲಿ ಒಟ್ಟು ಎಷ್ಟಿದೆ, ಡಿಟಿಪಿಎ ದ್ರಾವಣಕ್ಕೆ ಎಷ್ಟು ಬಿಟ್ಟುಕೊಡುತ್ತದೆ. ಡಿಟಿಪಿಎ ಕೂಡ ಲೋಹ ಕಚ್ಚುವ ಅಣುವೇ, ಕಾರ್ಖಾನೆಯಲ್ಲಿ ಮಾಡಿದ್ದು ಅಷ್ಟೆ. ಅದರ ಸಂಖ್ಯೆ ನೋಡಿದರೆ ಗಿಡಕ್ಕೆ ಎಷ್ಟು ಸಿಗಬಹುದು ಅನ್ನುವ ಅಂದಾಜು ಬರುತ್ತದೆ. ಆರ್ಸೆನಿಕ್‌ಗೆ ಈ ಡಿಟಿಪಿಎ ನಡೆಯುವುದಿಲ್ಲ, ಅದಕ್ಕೆ ಬೇರೆ ದ್ರಾವಣ ಬಳಸುತ್ತಾರೆ, ಲ್ಯಾಬ್‌ನವರಿಗೆ ಮೊದಲೇ ಹೇಳಿಬಿಡಿ.

ಮಣ್ಣು ತೆಗೆಯುವಾಗ ದಿಬ್ಬದ ಕಡೆಯ ಬದುವಿನ ಹತ್ತಿರದ್ದು ಒಂದು, ಹೊಲದ ಆಚೆ ಕೊನೆಯದು ಒಂದು, ಹೀಗೆ ಬೇರೆ ಬೇರೆ ಚೀಲ ಮಾಡಿ. ಮೇಲಿನ ಎರಡು ಇಂಚಿನದು ಒಂದು, ಅರ್ಧ ಅಡಿ ಕೆಳಗಿನದು ಇನ್ನೊಂದು. ಧೂಳಿನಿಂದ ಬಂದದ್ದಾದರೆ ಮೇಲಿನ ಪದರದಲ್ಲೇ ಜಾಸ್ತಿ ಇರಬೇಕು. ಬೋರ್‌ವೆಲ್ ನೀರನ್ನೂ ಒಂದು ಬಾಟಲಿ ಕೊಡಿ.

ಪರೀಕ್ಷೆ ಬರುವ ತನಕ ಸುಮ್ನೆ ಕೂರಬೇಕಿಲ್ಲ. ನನ್ನ ಅಂದಾಜಿನಲ್ಲಿ ನಿಮ್ಮ ಮೊದಲ ಶತ್ರು ಎಲೆ ಮೇಲೆ ಕೂರುವ ಧೂಳು. ಅದು ಬೇರಿನ ದಾರಿ ಹಿಡಿಯುವುದೇ ಇಲ್ಲ, ನೇರ ಅಡುಗೆಮನೆಗೆ ಬರುತ್ತದೆ. ಸೊಪ್ಪನ್ನು ಎರಡು ಮೂರು ನೀರಿನಲ್ಲಿ ಮುಳುಗಿಸಿ ಜಾಲಿಸಿ. ದಿಬ್ಬದ ಕಡೆ ಬದುವಿನ ಮೇಲೆ ಹೊಂಗೆ, ಸರ್ವೆ ಒತ್ತಾಗಿ ಹಾಕಿ, ಕೆಳಗೆ ಲಾವಂಚದ ಸಾಲು ಇರಲಿ. ಸೊಪ್ಪಿನ ಮಡಿಯನ್ನು ದಿಬ್ಬದಿಂದ ದೂರದ ಮೂಲೆಗೆ ಸಾಗಿಸಿ, ಟೊಮೆಟೊವನ್ನು ದಿಬ್ಬದ ಕಡೆಗೆ ತನ್ನಿ. ಲೋಹ ಎಲೆಗೂ ಬೇರಿಗೂ ಸೇರುವಷ್ಟು ಸಾಮಾನ್ಯವಾಗಿ ಹಣ್ಣಿಗೆ ಸೇರುವುದಿಲ್ಲ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಹಾಕಬಹುದು. ಸುಣ್ಣ ಮಾತ್ರ ಈಗಲೇ ಬೇಡ. ಗಣಿಯವರು ಸೈನೈಡ್ ಗಾಳಿಗೆ ಹೋಗಬಾರದು ಅಂತ ಅರೆದ ಅದಿರಿಗೆ ಸುಣ್ಣ ಬೆರೆಸುತ್ತಿದ್ದರು. ಅತ್ತ ಗಂಧಕದ ಖನಿಜಗಳಿಂದ ಬ್ಯಾಕ್ಟೀರಿಯಾ ಹುಳಿ ಎಬ್ಬಿಸುತ್ತವೆ. ಎರಡರಲ್ಲಿ ಯಾವುದು ಗೆದ್ದಿದೆ ಅನ್ನುವುದು ನಿಮ್ಮ ಮಣ್ಣಿನ ಪಿಎಚ್, ಅಂದರೆ ಹುಳಿಯ ಅಳತೆ, ನೋಡಿಯೇ ಹೇಳಬೇಕು. ಜೊತೆಗೆ ಸುಣ್ಣ ಸೀಸ ಕ್ಯಾಡ್ಮಿಯಂಗಳನ್ನು ಕೂರಿಸಿದರೂ ಆರ್ಸೆನಿಕ್‌ಅನ್ನು ಎಬ್ಬಿಸಬಹುದು.

ಬಾಟಲಿಯವರು ಮತ್ತೆ ಬಂದರೆ ಬ್ಯಾಕ್ಟೀರಿಯಾದ ಪೂರ್ತಿ ಹೆಸರು ಕೇಳಿ. ರೈಜೋಬಿಯಂ, ಅಜೋಸ್ಪೈರಿಲಂ, ಪಿಎಸ್‌ಬಿಯಂಥ ಜೈವಿಕ ಗೊಬ್ಬರಗಳಿಗೆ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಗುಣಮಟ್ಟ ಬರೆದಿದೆ. ದ್ರಾವಣವಾದರೆ ಒಂದು ಮಿಲಿಲೀಟರಿಗೆ ಕನಿಷ್ಠ 10 ಕೋಟಿ ಜೀವಕೋಶ ಇರಬೇಕು, ಲೇಬಲ್ ಮೇಲೆ ಹೆಸರು ಇರಬೇಕು. ಬರೀ ‘ಸ್ಯೂಡೋಮೊನಾಸ್’ ಅಂದರೆ ಸಾಲದು. ರೋಗಕ್ಕೆ ಅಂತ ನೀವು ತರುವ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಬೇರೆ, ರಾಮ್ನೋಲಿಪಿಡ್ ಬಿಡುವ ಏರುಜಿನೋಸಾ ಬೇರೆ. ಎರಡನೆಯದು ಆಸ್ಪತ್ರೆಗಳಲ್ಲಿ ಗಾಯಕ್ಕೆ, ಶ್ವಾಸಕೋಶಕ್ಕೆ ಹತ್ತಿಕೊಂಡು ಕಾಡುವ ಜಾತಿ. ಬರಿಗೈಯಲ್ಲಿ ಬೆರೆಸಿ ಎರಚುವಂಥದ್ದಲ್ಲ.

ರಿಪೋರ್ಟ್ ಬಂದ ಮೇಲೆ ಮಗಳ ಹತ್ತಿರವೇ ಬರೆಸಿ ಕಳಿಸಿ. ಲೋಹದ ಸಂಖ್ಯೆಗಳ ಜೊತೆ ಪಿಎಚ್, ಸಾವಯವ ಇಂಗಾಲ, ಲಭ್ಯ ರಂಜಕ ಈ ಮೂರೂ ಇರಲಿ. ಪಿಎಚ್ ಇಲ್ಲದೆ ಬರೀ ಸೀಸ ಇಷ್ಟು, ಕ್ಯಾಡ್ಮಿಯಂ ಇಷ್ಟು ಅಂತ ಕಳಿಸಿದರೆ, ಸುಣ್ಣ ಹಾಕಿ ಅನ್ನಬೇಕೋ ಬೇಡ ಅನ್ನಬೇಕೋ ನನಗೂ ತಿಳಿಯುವುದಿಲ್ಲ.